ಫಸ್ಟ್ ಸೆಮ್ ಮಕ್ಕಳನ್ನ ಯಾರು ನೋಡ್ಕೋತಾರೆ?

ದೇಶದಲ್ಲಿ ಅತಿ ಹೆಚ್ಚು ಕಾಲೇಜುಗಳಿರೋ ಜಿಲ್ಲೆ ಯಾವುದು ಅಂದ್ರೆ ಬೆಂಗಳೂರು ನಗರ ಜಿಲ್ಲೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ 2021-22ರ ವರದಿ ಪ್ರಕಾರ ಇಲ್ಲಿರೋದು 1,106 ಕಾಲೇಜು. ಎರಡನೇ ಸ್ಥಾನದಲ್ಲಿರೋ ಜೈಪುರ ತುಂಬಾ ಹಿಂದಿದೆ. ರಾಜ್ಯದ ಲೆಕ್ಕ ತಗೊಂಡ್ರೂ ಅಷ್ಟೇ, 18ರಿಂದ 23 ವಯಸ್ಸಿನ ಒಂದು ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜಿದ್ರೆ ದೇಶದ ಸರಾಸರಿ 30. ಅಂದ್ರೆ ಕಾಲೇಜಿಲ್ಲ, ಸೀಟಿಲ್ಲ ಅನ್ನೋ ಮಾತನ್ನ ಬೆಂಗಳೂರಲ್ಲಿ ಯಾರೂ ಆಡೋ ಹಾಗಿಲ್ಲ, ಪಿಯುಸಿ ಪಾಸಾದ ಹುಡುಗ ಹುಡುಗಿಗೆ ಎಲ್ಲಾದ್ರೂ ಒಂದು ಕಡೆ ಅಡ್ಮಿಷನ್ ಸಿಕ್ಕೇ ಸಿಗತ್ತೆ. ನನ್ನ ತಲೆ ಕೆಡಿಸ್ತಿರೋದು ಅಡ್ಮಿಷನ್ ಆದ್ಮೇಲೆ ಮೊದಲ ಮೂರ್ನಾಲ್ಕು ತಿಂಗಳಲ್ಲಿ ಏನಾಗತ್ತೆ ಅನ್ನೋದು. ಯಾಕಂದ್ರೆ ಮಕ್ಕಳು ಕಳೆದುಹೋಗೋದು ಅಲ್ಲೇ, ಅದೂ ಯಾರಿಗೂ ಗೊತ್ತಾಗದ ಹಾಗೆ.

ನಾನು ಕೆಲವು ವರ್ಷ ಗೆಸ್ಟ್ ಲೆಕ್ಚರರ್ ಆಗಿ ಪಾಠ ಮಾಡಿದೀನಿ, ಈಗಲೂ ಡಿಗ್ರಿ ಓದೋ ಮಕ್ಕಳ ಜೊತೆನೇ ಇರೋದು ಜಾಸ್ತಿ. ಹಾಗಾಗಿ ಇಲ್ಲಿ ಹೇಳ್ತಿರೋದು ಐಐಎಸ್‌ಸಿ, ಐಐಎಂ ಥರದ ಜಾಗಗಳ ಬಗ್ಗೆ ಅಲ್ಲ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಮತ್ತೆ ಕಡಿಮೆ ಫೀಸಿನ ಪ್ರೈವೇಟ್ ಕಾಲೇಜುಗಳ ಬಿಎ, ಬಿಕಾಂ, ಬಿಎಸ್ಸಿ, ಬಿಸಿಎ ಮಕ್ಕಳ ಬಗ್ಗೆ. ಇವರಲ್ಲಿ ಎಷ್ಟೋ ಜನ ಮಾಗಡಿ, ನೆಲಮಂಗಲ, ಆನೇಕಲ್, ರಾಮನಗರ ಕಡೆಯಿಂದ ಬೆಳಗ್ಗೆ ಬಸ್ ಹಿಡಿದು ಬರ್ತಾರೆ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ಕೆಲವರು ಪಿಯುಸಿನೂ ಕನ್ನಡದಲ್ಲೇ ಬರೆದಿರ್ತಾರೆ. ಮನೇಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲ ಮಗು ಅವರೇ ಆಗಿರ್ತಾರೆ. ಮಧ್ಯಾಹ್ನ ಕಾಲೇಜ್ ಬಿಟ್ರೆ ಮೆಡಿಕಲ್ ಶಾಪು, ಬಟ್ಟೆ ಅಂಗಡಿ, ಡೆಲಿವರಿ ಅಂತ ರಾತ್ರಿ ಹತ್ತರವರೆಗೂ ಕೆಲಸ.

ಇಂಥ ಹುಡುಗ ಬಿಕಾಂ ಫಸ್ಟ್ ಸೆಮ್‌ಗೆ ಬಂದು ಕೂತಾಗ ಮೊದಲ ವಾರದಿಂದಲೇ ಎಲ್ಲಾ ಇಂಗ್ಲಿಷ್‌ನಲ್ಲಿ. ಒಂದು ಕ್ಲಾಸಲ್ಲಿ ಎಂಬತ್ತು ತೊಂಬತ್ತು ಜನ, ಪ್ರಶ್ನೆ ಕೇಳೋಕೆ ಧೈರ್ಯ ಬರಲ್ಲ, ಪಕ್ಕದವನಿಗೂ ಅರ್ಥ ಆಗಿಲ್ಲ ಅನ್ನೋದು ಇವನಿಗೆ ಗೊತ್ತಿರಲ್ಲ, ತನಗೊಬ್ಬನಿಗೇ ತಲೆ ಇಲ್ಲ ಅಂದ್ಕೊಂಡು ಸುಮ್ನೆ ಕೂತಿರ್ತಾನೆ. ಆಮೇಲೆ ವಾರಕ್ಕೆ ಒಂದಿನ ಚಕ್ಕರ್, ಆಮೇಲೆ ಎರಡು ದಿನ. ಮೊದಲ ಇಂಟರ್ನಲ್ ಟೆಸ್ಟ್ ಬರೋ ಹೊತ್ತಿಗೆ ಎರಡು ತಿಂಗಳು ಕಳೆದಿರತ್ತೆ, ಆ ಟೆಸ್ಟಿನ ಪೇಪರ್ ವಾಪಸ್ ಕೈಗೆ ಬರೋದು ಇನ್ನೂ ತಡ, ಬಂದ್ರೂ ಅದರಲ್ಲಿ ಒಂದು ನಂಬರ್ ಬಿಟ್ರೆ ಬೇರೇನೂ ಬರೆದಿರಲ್ಲ. ಸೆಮಿಸ್ಟರ್ ಕೊನೇಲಿ ಅಟೆಂಡೆನ್ಸ್ 75 ಪರ್ಸೆಂಟ್ ಇಲ್ಲ ಅಂತ ನೋಟಿಸ್ ಬೋರ್ಡಲ್ಲಿ ಹೆಸರು ಬರತ್ತೆ, ಆಗ ಅಪ್ಪ ಅಮ್ಮನ್ನ ಕರ್ಕೊಂಡು ಬಾ ಅಂತಾರೆ. ಎರಡು ಮೂರು ಸಬ್ಜೆಕ್ಟ್ ಬ್ಯಾಕ್ ಉಳಿಯತ್ತೆ. ಮುಂದಿನ ವರ್ಷಕ್ಕೆ ಆ ಹುಡುಗ ಬರಲ್ಲ, ಟಿಸಿ ಕೇಳೋಕೂ ಬರಲ್ಲ. ಕಾಲೇಜ್ ಬಿಡ್ತೀನಿ ಅಂತ ಅವನು ಯಾವತ್ತೂ ತೀರ್ಮಾನ ಮಾಡಿರ್ಲಿಲ್ಲ, ಬಿಟ್ಟುಹೋಯ್ತು ಅಷ್ಟೇ.

ನನ್ನ ವಾದ ಏನಂದ್ರೆ ಪಾಠ ಒಂದು ಕಡೆ, ಸ್ಟೂಡೆಂಟ್ ಸಪೋರ್ಟ್ ಇನ್ನೊಂದು ಕಡೆ ಅಂತ ನಾವು ಬೇರೆ ಬೇರೆ ಮಾಡಿಟ್ಟಿರೋದೇ ದೊಡ್ಡ ತಪ್ಪು. ಪಾಠಕ್ಕೆ ಡಿಪಾರ್ಟ್‌ಮೆಂಟ್ ಇದೆ, ಸಪೋರ್ಟ್‌ಗೆ ಒಂದು ಕಮಿಟಿ, ಒಂದು ಸೆಲ್, ಒಂದು ಫೈಲ್ ಇದೆ. ಫಸ್ಟ್ ಸೆಮ್ ಮಗುಗೆ ನಿಜವಾದ ಸಪೋರ್ಟ್ ಅಂದ್ರೆ ದಿನಾ ಎದುರಿಗೆ ನಿಲ್ಲೋ ಲೆಕ್ಚರರ್. ನಿನಗೆ ಇಲ್ಲಿ ತಪ್ತಿದೆ ನೋಡು ಅಂತ ಅವರು ಮೂರನೇ ವಾರದಲ್ಲೇ ಹೇಳಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯತ್ತೆ. ಹಾಗೆ ಹೇಳೋ ಪರಿಸ್ಥಿತೀಲಿ ನಮ್ಮ ಲೆಕ್ಚರರ್‌ಗಳು ಇದಾರಾ ಅಂದ್ರೆ, ಇಲ್ಲ.

ಮೊದಲು ನೇಮಕಾತಿ ನೋಡಿ. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿವೆ, ಅವನ್ನ ನಡೆಸ್ತಿರೋದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಎಷ್ಟೋ ಕಾಲೇಜಲ್ಲಿ ಖಾಯಂ ಇರೋರಿಗಿಂತ ಇವರೇ ಜಾಸ್ತಿ. 2021ರ ಕೊನೇಲಿ ಇವರು ಕ್ಲಾಸ್ ಬಹಿಷ್ಕಾರ ಮಾಡಿ ಧರಣಿ ಕೂತ್ರು, ಅದಾದ್ಮೇಲೆ 2022ರ ಜನವರಿಯಲ್ಲಿ ಗೌರವಧನ ಜಾಸ್ತಿ ಆಗಿ ಅರ್ಹತೆ ಮತ್ತೆ ಅನುಭವದ ಮೇಲೆ ತಿಂಗಳಿಗೆ ಗರಿಷ್ಠ 32,000 ಅಂತ ಆಯ್ತು, ಜೊತೆಗೆ ಒಬ್ಬರಿಗೆ ವಾರಕ್ಕೆ 15 ಗಂಟೆ ಅಂತ ಮಾಡಿದ್ರಿಂದ ಅದೇ ಕೆಲಸ ಕಡಿಮೆ ಜನಕ್ಕೆ ಹಂಚಿಹೋಗಿ ಬಹಳಷ್ಟು ಜನ ಹೊರಗೆ ಉಳಿದ್ರು. 2023ರ ನವೆಂಬರ್‌ನಿಂದ ಸೇವೆ ಖಾಯಂ ಮಾಡಿ ಅಂತ ಮತ್ತೆ ಮುಷ್ಕರ. ಹದಿನೈದು ಇಪ್ಪತ್ತು ವರ್ಷ ಪಾಠ ಮಾಡಿ ಈಗಲೂ ಮುಂದಿನ ವರ್ಷ ಇರ್ತೀನೋ ಇಲ್ವೋ ಗೊತ್ತಿಲ್ಲ ಅನ್ನೋರು ಇದಾರೆ, ಅವರ ಸಿಟ್ಟು ನ್ಯಾಯವಾದದ್ದೇ. ಆದ್ರೆ ಆ ಮುಷ್ಕರದ ವಾರಗಳಲ್ಲಿ ಕ್ಲಾಸ್ ರೂಮಲ್ಲಿ ಸುಮ್ನೆ ಕೂತು ಎದ್ದುಹೋಗ್ತಿದ್ದ ಮಕ್ಕಳ ಮುಖ ಸುದ್ದೀಲಿ ಬರಲೇ ಇಲ್ಲ.

ಇನ್ನೊಂದು ವಿಷಯ ಇದೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲ್ಲ. ಅತಿಥಿ ಉಪನ್ಯಾಸಕರ ನೇಮಕಾತಿ ಆಗೋದು ಅಡ್ಮಿಷನ್ ಆಗಿ ವರ್ಕ್‌ಲೋಡ್ ಎಷ್ಟು ಅಂತ ಲೆಕ್ಕ ಹಾಕಿದ್ಮೇಲೆ. ಮೊದಲು ಖಾಯಂನವರಿಗೆ ಹಂಚಿ, ಉಳಿದಿದ್ದಕ್ಕೆ ಆನ್‌ಲೈನ್ ಅರ್ಜಿ, ಮೆರಿಟ್ ಲಿಸ್ಟ್, ಕೌನ್ಸೆಲಿಂಗ್, ಆಮೇಲೆ ರಿಪೋರ್ಟ್ ಮಾಡ್ಕೊಳ್ಳೋದು. ಇದೆಲ್ಲ ಮುಗಿಯೋ ಹೊತ್ತಿಗೆ ಕ್ಲಾಸ್ ಶುರುವಾಗಿ ವಾರಗಳೇ ಆಗಿರತ್ತೆ. ಟೈಮ್ ಟೇಬಲಲ್ಲಿ ಪಿರಿಯಡ್ ಇರತ್ತೆ, ಹೆಸರಿನ ಜಾಗದಲ್ಲಿ ಜಿಎಫ್, ಅಂದ್ರೆ ಗೆಸ್ಟ್ ಫ್ಯಾಕಲ್ಟಿ ಅಂತ ಬರೆದಿರ್ತಾರೆ, ಮನುಷ್ಯ ಇರಲ್ಲ. ಹೊಸದಾಗಿ ಬಂದ ಮಗು ಕಾಲೇಜ್ ಅಂದ್ರೆ ಏನು ಅಂತ ಕಲಿಯೋ ವಾರಗಳು ಅವು. ಮೂರು ಪಿರಿಯಡ್ ಖಾಲಿ, ಒಂದು ಪಾಠ, ಮನೆಗೆ. ಬಂದ್ರೂ ಒಂದೇ ಬರದಿದ್ರೂ ಒಂದೇ ಅನ್ನೋದನ್ನ ಆ ಮಗುಗೆ ಕಾಲೇಜೇ ಕಲಿಸಿಕೊಟ್ಟ ಹಾಗೆ ಆಗತ್ತೆ, ಆಮೇಲೆ ಅಟೆಂಡೆನ್ಸ್ ಇಲ್ಲ ಅಂತ ಬೈದ್ರೆ ಏನು ಪ್ರಯೋಜನ.

ಪ್ರೈವೇಟ್ ಕಾಲೇಜಲ್ಲಿ ಕಥೆ ಬೇರೆ, ಅಲ್ಲಿ ಮೊದಲ ದಿನದಿಂದ ಲೆಕ್ಚರರ್ ಇರ್ತಾರೆ. ಆದ್ರೆ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ ಅಂತ ಇದ್ರೆ ಅಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ತಗೊಳ್ಳೋರು ನನಗೇ ಗೊತ್ತು, ಜೊತೆಗೆ ಅಡ್ಮಿಷನ್ ಟೈಮಲ್ಲಿ ಪಿಯು ಕಾಲೇಜಿಗೆ ಹೋಗಿ ಕ್ಯಾನ್ವಾಸ್ ಮಾಡು, ಫೆಸ್ಟ್ ನೋಡ್ಕೋ, ಡಾಕ್ಯುಮೆಂಟ್ ಅಪ್‌ಲೋಡ್ ಮಾಡು. ಇಂಥವರ ಕೈಲಿ ಇಂಟರ್ನಲ್ ಟೆಸ್ಟಿನ ಉತ್ತರ ಬರೆದ ತೊಂಬತ್ತು ಬ್ಲೂ ಬುಕ್ ಕೊಟ್ಟು ಒಂದೊಂದಕ್ಕೂ ಎರಡು ಸಾಲು ಬರೀರಿ ಅಂದ್ರೆ ಎಲ್ಲಿಂದ ಟೈಮ್ ತರ್ತಾರೆ.

ಪಾಠ ಮಾಡೋದನ್ನ ಕಲಿಯೋ ವಿಷಯಕ್ಕೆ ಬರೋಣ. ಹೈಸ್ಕೂಲ್ ಮೇಷ್ಟ್ರಿಗೆ ಬಿಎಡ್ ಬೇಕು, ನಮ್ಮಲ್ಲಿ ಪಿಯು ಲೆಕ್ಚರರ್‌ಗೂ ಬಿಎಡ್ ಕೇಳ್ತಾರೆ. ಡಿಗ್ರಿ ಕಾಲೇಜಿಗೆ ಬಂದ್ರೆ ನೆಟ್ ಅಥವಾ ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆ, ಇಲ್ಲಾ ಪಿಎಚ್‌ಡಿ. ಇವೆಲ್ಲ ಸಬ್ಜೆಕ್ಟ್ ಗೊತ್ತಾ, ಸಂಶೋಧನೆ ಗೊತ್ತಾ ಅಂತ ನೋಡೋ ಪರೀಕ್ಷೆ. ತೊಂಬತ್ತು ಜನರ ಎದುರು ನಿಂತು ಹಿಂದಿನ ಬೆಂಚಿನವನಿಗೂ ಮುಟ್ಟೋ ಹಾಗೆ ಹೇಳೋದು ಹೇಗೆ ಅನ್ನೋದನ್ನ ಯಾರೂ ಕಲಿಸಿರಲ್ಲ, ಪ್ರತಿಯೊಬ್ಬರೂ ತಮಗೆ ಪಾಠ ಮಾಡಿದ ಮೇಷ್ಟ್ರನ್ನ ನೆನಪಿಸ್ಕೊಂಡು ಹಾಗೇ ಮಾಡ್ತಾರೆ. ಕೇಂದ್ರ ಸರ್ಕಾರ 2023ರಲ್ಲಿ ಮಾಳವೀಯ ಮಿಷನ್ ಹೆಸರಲ್ಲಿ ಕಾಲೇಜ್ ಅಧ್ಯಾಪಕರ ತರಬೇತಿನ ಹೊಸದಾಗಿ ಶುರು ಮಾಡ್ತು, ಅದಕ್ಕೂ ಮೊದಲು ಓರಿಯಂಟೇಷನ್, ರಿಫ್ರೆಶರ್ ಕೋರ್ಸ್ ಅಂತ ಇದ್ದೇ ಇತ್ತು. ಖಾಯಂನವರಿಗೆ ಪ್ರಮೋಷನ್‌ಗೆ ಇಂಥ ಕೋರ್ಸ್ ಬೇಕು, ಹಾಗಾಗಿ ಮಾಡ್ತಾರೆ. ಗೆಸ್ಟ್‌ಗೆ ಪ್ರಮೋಷನ್ ಅನ್ನೋದೇ ಇಲ್ವಲ್ಲ. ಫಸ್ಟ್ ಸೆಮ್ ಕ್ಲಾಸ್ ತಗೊಳ್ಳೋರು ಹೆಚ್ಚಾಗಿ ಗೆಸ್ಟ್‌ಗಳೇ, ಅದರಲ್ಲೂ ಹೊಸಬರು, ಯಾಕಂದ್ರೆ ಸೀನಿಯರ್‌ಗಳು ಫೈನಲ್ ಇಯರ್ ಪೇಪರ್ ಇಟ್ಕೋತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ ಆಗಬೇಕು. ಕಾಲೇಜಲ್ಲಿ ಅತ್ಯಂತ ಚೆನ್ನಾಗಿ ಪಾಠ ಮಾಡೋರು ಯಾರೋ ಅವರನ್ನೇ ಫಸ್ಟ್ ಸೆಮ್‌ಗೆ ಹಾಕಬೇಕು.

ಚೆನ್ನಾಗಿ ಪಾಠ ಮಾಡೋದು ಅಂದ್ರೆ ಏನು ಅನ್ನೋದು ಬರೀ ಅಭಿಪ್ರಾಯದ ಪ್ರಶ್ನೆ ಆಗಿ ಉಳಿದಿಲ್ಲ. 2014ರಲ್ಲಿ ಅಮೆರಿಕದ ಸ್ಕಾಟ್ ಫ್ರೀಮನ್ ಮತ್ತೆ ಅವರ ತಂಡ ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕಾಲೇಜ್ ಕ್ಲಾಸ್‌ಗಳ ಮೇಲೆ ನಡೆದ 225 ಅಧ್ಯಯನಗಳನ್ನ ಒಟ್ಟಿಗೆ ಹಾಕಿ ನೋಡಿದ್ರು. ಬರೀ ಲೆಕ್ಚರ್ ಕೊಡೋ ಕ್ಲಾಸಲ್ಲಿ ಫೇಲ್ ಆಗೋರು ಸುಮಾರು 34 ಪರ್ಸೆಂಟ್, ಮಕ್ಕಳನ್ನ ಮಧ್ಯೆ ಮಧ್ಯೆ ಕೆಲಸಕ್ಕೆ, ಚರ್ಚೆಗೆ ಹಚ್ಚೋ ಕ್ಲಾಸಲ್ಲಿ ಸುಮಾರು 22. ಇನ್ನೊಂದು ವಿಚಾರನೂ ಗಮನಿಸಬೇಕು, 2019ರಲ್ಲಿ ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಮಕ್ಕಳ ಮೇಲೆ ಮಾಡಿದ ಪ್ರಯೋಗದಲ್ಲಿ ಇಂಥ ಕ್ಲಾಸಲ್ಲಿ ಕೂತವರು ಟೆಸ್ಟಲ್ಲಿ ಜಾಸ್ತಿ ಕಲಿತಿರೋದು ಕಾಣ್ತು, ಆದ್ರೆ ಮಕ್ಕಳಿಗೆ ಅನಿಸಿದ್ದು ತಾವು ಕಡಿಮೆ ಕಲಿತ್ವಿ ಅಂತ. ನಮ್ಮಲ್ಲಿ ನೋಟ್ಸ್ ಕೊಡೋ ಲೆಕ್ಚರರ್‌ನ ಮಕ್ಕಳು ಇಷ್ಟಪಡೋದು, ಫೀಡ್‌ಬ್ಯಾಕ್ ಫಾರ್ಮಲ್ಲಿ ಅವರಿಗೇ ಒಳ್ಳೆ ಮಾರ್ಕ್ಸ್ ಬರೋದು ಯಾಕೆ ಅಂತ ಇದರಿಂದ ಸ್ವಲ್ಪ ಅರ್ಥ ಆಗತ್ತೆ. ಹಾಗಾಗಿ ಮಕ್ಕಳ ಫೀಡ್‌ಬ್ಯಾಕ್ ಒಂದನ್ನೇ ಹಿಡ್ಕೊಂಡು ಲೆಕ್ಚರರ್ ಬೆಲೆ ಕಟ್ಟೋದು ಸರಿಯಿಲ್ಲ.

ಅಮೆರಿಕದಲ್ಲಿ ಆಗತ್ತೆ, ನಮ್ಮ ಬೆಂಚು ನೆಲಕ್ಕೆ ಬೋಲ್ಟ್ ಹಾಕಿದ್ದಾರೆ, ಗ್ರೂಪ್ ಮಾಡೋದು ಹೇಗೆ ಅಂತ ಕೇಳ್ತಾರೆ, ನಾನೂ ಕೇಳ್ತಿದ್ದೆ. ನನ್ನ ಜೊತೆ ಕೆಲಸ ಮಾಡ್ತಿದ್ದ ಕಾಮರ್ಸ್ ಮೇಡಂ ಒಬ್ಬರು ಮಾಡ್ತಿದ್ದಿದ್ದು ಹೇಳ್ತೀನಿ, ಅದಕ್ಕೆ ಬೆಂಚು ಜರುಗಿಸೋದೂ ಬೇಡ. ಕ್ಲಾಸ್ ಮುಗಿಯೋಕೆ ಐದು ನಿಮಿಷ ಮುಂಚೆ ಎಲ್ಲರೂ ಅರ್ಧ ಹಾಳೆ ಹರಿದು, ಹೆಸರು ಹಾಕದೆ, ಇವತ್ತು ಅರ್ಥ ಆಗದಿದ್ದು ಒಂದು ವಿಷಯ ಬರೀಬೇಕು, ಕನ್ನಡ ಇಂಗ್ಲಿಷ್ ಯಾವುದಾದ್ರೂ ಸರಿ. ಅವತ್ತು ಜರ್ನಲ್ ಎಂಟ್ರಿ ಪಾಠ. ಚೀಟಿಗಳನ್ನ ಸ್ಟಾಫ್ ರೂಮಲ್ಲಿ ಹರಡ್ಕೊಂಡು ನೋಡಿದ್ರೆ ಹೆಚ್ಚುಕಮ್ಮಿ ಅರ್ಧ ಕ್ಲಾಸ್ ಬರೆದಿದ್ದು ಒಂದೇ ಪ್ರಶ್ನೆ, ಓನರ್ ಅಂಗಡಿ ಸಾಮಾನು ಮನೆಗೆ ತಗೊಂಡು ಹೋದ್ರೆ ಡ್ರಾಯಿಂಗ್ಸ್ ಡೆಬಿಟ್ ಮಾಡಿ ಪರ್ಚೇಸಸ್‌ಗೆ ಯಾಕೆ ಕ್ರೆಡಿಟ್ ಮಾಡಬೇಕು, ಅಂಗಡಿನೂ ಅವನದ್ದೇ ಅಲ್ವಾ ಅಂತ. ಮಾರನೇ ದಿನ ಮೇಡಂ ಪಾಠ ಮುಂದುವರಿಸ್ಲಿಲ್ಲ. ನಿಮ್ಮಲ್ಲಿ ಪ್ರಾವಿಜನ್ ಸ್ಟೋರಲ್ಲಿ ಕೆಲಸ ಮಾಡೋರು ಯಾರಿದೀರ ಅಂತ ಕೇಳಿದ್ರು, ನಾಲ್ಕೈದು ಕೈ ಮೇಲೆ ಬಂತು. ಒಬ್ಬ ಹುಡುಗ ಎದ್ದು ನಿಂತು ನಮ್ಮ ಓನರ್ ಅಣ್ಣ ಮನೆಗೆ ಅಕ್ಕಿ ಮೂಟೆ ತಗೊಂಡು ಹೋದ್ರೂ ಪುಸ್ತಕದಲ್ಲಿ ಬರೀತಾರೆ ಮೇಡಂ, ಇಲ್ಲಾಂದ್ರೆ ತಿಂಗಳ ಕೊನೇಲಿ ಸ್ಟಾಕ್ ತಾಳೆ ಆಗಲ್ಲ ಅಂತ ಅವರ ತಮ್ಮ ಜಗಳ ತೆಗೀತಾರೆ ಅಂದ. ಅಂಗಡಿ ಬೇರೆ, ಅಂಗಡಿ ಯಜಮಾನ ಬೇರೆ ಅನ್ನೋದು ಅಕೌಂಟೆನ್ಸಿಯ ಬುನಾದಿ, ಅದನ್ನ ಆ ಹುಡುಗನೇ ಕ್ಲಾಸಿಗೆ ಪಾಠ ಮಾಡಿದ ಹಾಗಾಯ್ತು. ಅಲ್ಲಿವರೆಗೂ ಅವನು ಬಾಯಿ ಬಿಟ್ಟಿದ್ದನ್ನ ನಾವ್ಯಾರೂ ನೋಡಿರ್ಲಿಲ್ಲ. ಆ ಐದು ನಿಮಿಷದಿಂದ ಎರಡು ಕೆಲಸ ಆಯ್ತು, ಮೇಡಂಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಯ್ತು, ಮಕ್ಕಳಿಗೆ ತಮ್ಮ ಥರನೇ ಅರ್ಧ ಕ್ಲಾಸಿಗೆ ಅರ್ಥ ಆಗಿಲ್ಲ ಅಂತ ಗೊತ್ತಾಯ್ತು. ಎರಡನೇದು ನನಗೆ ಇನ್ನೂ ದೊಡ್ಡದಾಗಿ ಕಾಣತ್ತೆ.

ಸಿಲಬಸ್ ಮುಗಿಯಲ್ವಲ್ಲ ಅಂತ ಆಕ್ಷೇಪ ಬರತ್ತೆ, ಅದು ಸುಳ್ಳೇನಲ್ಲ. ಸಿಲಬಸ್ ಅನ್ನೋದೇ ನಮ್ಮಲ್ಲಿ ನಿಂತ ನೀರಾಗಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಡಿಗ್ರಿ ತಂದ್ರು, ಕರ್ನಾಟಕವೇ ಮೊದಲು ಅಂತ ಹೇಳ್ಕೊಂಡ್ರು. 2024ರ ಮೇನಲ್ಲಿ, ರಾಜ್ಯಕ್ಕೇ ಬೇರೆ ಶಿಕ್ಷಣ ನೀತಿ ಮಾಡೋಕೆ ಸರ್ಕಾರ ನೇಮಿಸಿದ್ದ ಪ್ರೊ. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಆಧಾರದ ಮೇಲೆ ಅದನ್ನ ಕೈಬಿಟ್ಟು ಮತ್ತೆ ಮೂರು ವರ್ಷ. ಯಾವ ನೀತಿ ಸರಿ ಅನ್ನೋ ಜಗಳಕ್ಕೆ ನಾನು ಇಲ್ಲಿ ಹೋಗಲ್ಲ. ಆದ್ರೆ ಮೂರು ವರ್ಷದ ಅಂತರದಲ್ಲಿ ಎರಡು ಸಲ ಪೇಪರ್ ಬದಲಾದ್ರೆ ಲೆಕ್ಚರರ್ ಹೊಸ ಪುಸ್ತಕ ಹುಡುಕೋದರಲ್ಲೇ ಇರ್ತಾರೆ, ಪಾಠದ ರೀತಿ ತಿದ್ದಿಕೊಳ್ಳೋಕೆ ಪುರುಸೊತ್ತು ಸಿಗಲ್ಲ. ರಾಷ್ಟ್ರೀಯ ನೀತಿ ಇದ್ದಾಗ ಇಂಟರ್ನಲ್‌ಗೆ 40 ಮಾರ್ಕ್ಸ್ ಇತ್ತು, ಈಗ 20. ನಲವತ್ತಿದ್ದಾಗ ಎಲ್ಲರಿಗೂ ಧಾರಾಳವಾಗಿ ಹಾಕಿ ಕಳಿಸ್ತಿದ್ರು ಅನ್ನೋ ದೂರಿಗೆ ಆಧಾರ ಇತ್ತು, ಅದಕ್ಕೆ ಕಡಿಮೆ ಮಾಡೋದು ಪರಿಹಾರ ಅಂತ ನನಗೆ ಅನಿಸಲ್ಲ. ಮಾರ್ಕ್ಸ್ ಎಷ್ಟಾದ್ರೂ ಇರ್ಲಿ, ಮೊದಲ ಟೆಸ್ಟ್ ನಾಲ್ಕನೇ ವಾರದಲ್ಲಿ ಆಗಿ ಐದನೇ ವಾರದಲ್ಲಿ ಪೇಪರ್ ಮಗು ಕೈಲಿ ಇದ್ರೆ ಆ ಟೆಸ್ಟಿಗೆ ಅರ್ಥ ಇದೆ.

ಭಾಷೆ ವಿಷಯದಲ್ಲಿ ಒಂದು ಬಾಗಿಲು ತೆರೆದೇ ಇದೆ, ಹೆಚ್ಚಿನವರು ಒಳಗೆ ಹೋಗ್ತಿಲ್ಲ. 2023ರ ಏಪ್ರಿಲ್‌ನಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು ಕೋರ್ಸ್ ಇಂಗ್ಲಿಷ್ ಮೀಡಿಯಂ ಆಗಿದ್ರೂ ಪರೀಕ್ಷೆನ ಸ್ಥಳೀಯ ಭಾಷೆಲಿ ಬರೆಯೋಕೆ ಬಿಡಿ ಅಂತ ಹೇಳಿತ್ತು. ಬಿಎ ಮಕ್ಕಳು ಮೊದಲಿಂದನೂ ಕನ್ನಡದಲ್ಲಿ ಬರೀತಾರೆ. ಬಿಕಾಂ, ಬಿಎಸ್ಸಿಲಿ ಕನ್ನಡದಲ್ಲಿ ಬರೆಯೋ ಧೈರ್ಯ ಹೆಚ್ಚಿನವರು ಮಾಡಲ್ಲ, ಯಾಕಂದ್ರೆ ಪುಸ್ತಕ ಕಡಿಮೆ, ತಿದ್ದೋರಿಗೆ ಕನ್ನಡ ಬರತ್ತೆ ಅನ್ನೋ ಗ್ಯಾರಂಟಿ ಇಲ್ಲ, ಕೆಲಸಕ್ಕೆ ಹೋದಾಗ ಇಂಗ್ಲಿಷೇ ಬೇಕು ಅನ್ನೋ ಭಯ ಬೇರೆ. ಆ ಭಯ ನಿಜವಾದದ್ದೇ, ಬೆಂಗಳೂರಲ್ಲಿ ಇಂಗ್ಲಿಷ್ ಇಲ್ಲದೆ ಇಂಟರ್‌ವ್ಯೂ ದಾಟೋದು ಕಷ್ಟ. ಹಾಗಾಗಿ ನನ್ನ ಆಸೆ ಸಣ್ಣದು. ಮೊದಲ ಸೆಮಿಸ್ಟರ್ ಪೂರ್ತಿ ಎರಡೂ ಭಾಷೆಲಿ ಪಾಠ ಆಗ್ಲಿ, ಇಂಟರ್ನಲ್ ಎರಡರಲ್ಲಿ ಯಾವುದರಲ್ಲಾದ್ರೂ ಬರೀಲಿ, ಎರಡನೇ ಸೆಮ್‌ಗೆ ನಿಧಾನಕ್ಕೆ ಇಂಗ್ಲಿಷ್ ಕಡೆ ಹೋಗ್ಲಿ. ಒಳ್ಳೆ ಲೆಕ್ಚರರ್‌ಗಳು ಇದನ್ನ ಈಗಲೂ ಮಾಡ್ತಾರೆ, ಆದ್ರೆ ಪ್ರಿನ್ಸಿಪಾಲ್ ಕಾರಿಡಾರಲ್ಲಿ ಬಂದ್ರೆ ಇಂಗ್ಲಿಷ್‌ಗೆ ತಿರುಗ್ತಾರೆ. ಕದ್ದು ಮಾಡೋ ಅಗತ್ಯ ಇರಬಾರದು.

ಇನ್ನು ಮೆಂಟರಿಂಗ್. ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ ನ್ಯಾಕ್, ನಾಗರಬಾವಿಯಲ್ಲಿರೋ ಅದರ ಕಚೇರಿಗೆ ಕಾಲೇಜ್ ಕಳಿಸೋ ವರದಿಯಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ಮಕ್ಕಳು ಅಂತ ಒಂದು ಕಾಲಂ ಇದೆ. ಕಾಲಂ ಇರೋದು ಒಳ್ಳೇದೇ. ಆದ್ರೆ ಆ ಫೈಲ್ ತಯಾರಾಗೋದು ನ್ಯಾಕ್ ಪರಿಶೀಲನೆಗೆ ಮುಂಚೆ, ಒಂದೇ ದಿನ ಮಕ್ಕಳನ್ನ ಕೂರಿಸಿ ಇಡೀ ವರ್ಷದ ಭೇಟಿಗಳಿಗೆ ಸಹಿ ಹಾಕಿಸೋದನ್ನ ನಾನು ಕಣ್ಣಾರೆ ಕಂಡಿದೀನಿ. ಟೈಮ್ ಟೇಬಲಲ್ಲಿ ಅದಕ್ಕೆ ಪಿರಿಯಡ್ ಇಲ್ಲದಿದ್ರೆ ಬೇರೆ ಏನಾಗೋಕೆ ಸಾಧ್ಯ? ವಾರಕ್ಕೆ ಒಂದು ಗಂಟೆ ವರ್ಕ್‌ಲೋಡ್ ಅಂತ ಲೆಕ್ಕಕ್ಕೆ ಹಿಡಿದು, ಅದಕ್ಕೂ ಗೌರವಧನ ಕೊಟ್ಟು ಮಾಡಿಸಿದ್ರೆ ಮಾತ್ರ ಅದು ನಡೆಯೋ ಕೆಲಸ.

ದುಡ್ಡಿನ ಆಸರೆ ಬಗ್ಗೆನೂ ಇದೇ ಮಾತು, ಯೋಜನೆ ಇದೆ, ಕೈಗೆ ಸೇರಿಸೋರಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆ ಅಂತ ತಿಂಗಳಿಗೆ ಇಷ್ಟು ದುಡ್ಡು ಅಂತ ಇದೆ. ಅರ್ಜಿ ಎಸ್ಎಸ್‌ಪಿ ಅನ್ನೋ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಲ್ಲಿ. ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಬೇಕು, ಆಧಾರ್‌ನಲ್ಲಿರೋ ಹೆಸರು ಮಾರ್ಕ್ಸ್ ಕಾರ್ಡ್ ಹೆಸರಿಗೆ ಹೊಂದಬೇಕು, ಬ್ಯಾಂಕ್ ಅಕೌಂಟಿಗೆ ಆಧಾರ್ ಸೀಡಿಂಗ್ ಆಗಿರಬೇಕು. ಇನಿಷಿಯಲ್ ಮುಂದಿದೆ ಹಿಂದಿದೆ ಅನ್ನೋ ಕಾರಣಕ್ಕೆ ಸೈಬರ್ ಸೆಂಟರ್, ನಾಡಕಚೇರಿ, ಬ್ಯಾಂಕು ಅಂತ ಅಲೆದು ಮೂರು ದಿನ ಕ್ಲಾಸ್ ಕಳ್ಕೊಳ್ಳೋ ಮಕ್ಕಳಿದಾರೆ. ಕಾಲೇಜಲ್ಲೇ ಒಬ್ಬರು ಕ್ಲರ್ಕ್ ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಇದಕ್ಕೇ ಅಂತ ಕೂತ್ರೆ ಇಡೀ ಬ್ಯಾಚಿನ ಕೆಲಸ ಆಗತ್ತೆ. ಇದನ್ನ ಸಣ್ಣ ವಿಷಯ ಅಂತ ತಳ್ಳಿಹಾಕೋರಿಗೆ ನ್ಯೂಯಾರ್ಕ್ ನಗರದ ಉದಾಹರಣೆ ಕೊಡ್ತೀನಿ. ಅಲ್ಲಿನ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ 2007ರಲ್ಲಿ ಎಎಸ್ಎಪಿ ಅಂತ ಒಂದು ಕಾರ್ಯಕ್ರಮ ಶುರು ಮಾಡಿದ್ರು. ಆಗಾಗ ಭೇಟಿ ಆಗಲೇಬೇಕಾದ ಒಬ್ಬ ಅಡ್ವೈಸರ್, ಪುಸ್ತಕಕ್ಕೆ ನೆರವು, ಬಸ್ಸು ಮೆಟ್ರೋಗೆ ಉಚಿತ ಕಾರ್ಡ್, ಟ್ಯೂಷನ್. ಲಾಟರಿ ಥರ ಆರಿಸಿ ಎರಡು ಗುಂಪು ಮಾಡಿ ನೋಡಿದಾಗ ಮೂರು ವರ್ಷದಲ್ಲಿ ಕೋರ್ಸ್ ಮುಗಿಸಿದವರು ಕಾರ್ಯಕ್ರಮದಲ್ಲಿದ್ದ ಗುಂಪಲ್ಲಿ 40 ಪರ್ಸೆಂಟ್, ಇಲ್ಲದ ಗುಂಪಲ್ಲಿ 22. ಒಂದೇ ಒಂದು ನೆರವಿನಿಂದ ಆದದ್ದಲ್ಲ ಅದು, ಎಲ್ಲಾ ಒಟ್ಟಿಗೆ ಒಂದೇ ಮಗುಗೆ ಸಿಕ್ಕಿದ್ದರಿಂದ ಆದದ್ದು. ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ್ಮೇಲೆ ಹೆಣ್ಣುಮಕ್ಕಳಿಗೆ ಬಸ್ ಖರ್ಚಿಲ್ಲ, ಅರ್ಧ ದಾರಿ ನಾವೂ ಬಂದಿದೀವಿ. ಉಳಿದಿದ್ದನ್ನ ಜೋಡಿಸೋರು ಬೇಕು.

ಮನಸ್ಸಿನ ಆರೋಗ್ಯದ ವಿಷಯ ಬಿಟ್ಟು ಇದನ್ನ ಬರೆಯೋಕೆ ಆಗಲ್ಲ. ಎನ್‌ಸಿಆರ್‌ಬಿ, ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ ಪ್ರಕಾರ 2022 ಒಂದೇ ವರ್ಷ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡ್ಕೊಂಡ್ರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರೋ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಇಟ್ಕೊಳ್ಳಲೇಬೇಕು ಅಂತ ಮಾರ್ಗಸೂಚಿ ಕೊಟ್ಟಿದೆ. ನಿಮ್ಹಾನ್ಸ್ ಇರೋ ಊರು ನಮ್ಮದು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆನೂ. ಇದನ್ನ ಓದ್ತಿರೋ ಯಾರಿಗಾದ್ರೂ ಬೇಕಾಗಿದ್ರೆ ದಯವಿಟ್ಟು ಫೋನ್ ಮಾಡಿ, ಉಚಿತ. ಕಾಲೇಜುಗಳಲ್ಲಿ ನಡೀತಿರೋದು ಏನಂದ್ರೆ ಕೈಲಿ ಈಗಾಗಲೇ ಆರು ಕಮಿಟಿ ಇರೋ ಲೆಕ್ಚರರ್ ಒಬ್ಬರ ಹೆಸರನ್ನೇ ಕೌನ್ಸೆಲಿಂಗ್ ಸೆಲ್‌ಗೂ ಬರೆಯೋದು. ನಿನಗೆ ಇಂಟರ್ನಲ್ ಮಾರ್ಕ್ಸ್ ಹಾಕೋರ ಹತ್ತಿರಾನೇ ಹೋಗಿ ನಿನ್ನ ಕಷ್ಟ ಹೇಳ್ಕೋ ಅಂದ್ರೆ ಯಾವ ಮಗು ಹೇಳ್ಕೊಳತ್ತೆ? ಒಂದು ಸಣ್ಣ ಕಾಲೇಜಿಗೆ ಪೂರ್ಣಾವಧಿ ಕೌನ್ಸೆಲರ್ ಸಂಬಳ ಕಷ್ಟ ಇರಬಹುದು, ಅಕ್ಕಪಕ್ಕದ ನಾಲ್ಕು ಕಾಲೇಜು ಸೇರಿ ಒಬ್ಬರನ್ನ ಇಟ್ಕೊಂಡು ವಾರದಲ್ಲಿ ದಿನ ಹಂಚ್ಕೊಂಡ್ರೆ ಆಗತ್ತೆ. ಮಲ್ಲೇಶ್ವರ, ರಾಜಾಜಿನಗರ, ವಿಜಯನಗರ ಕಡೆ ಒಂದು ಕಾಲೇಜಿಂದ ಇನ್ನೊಂದಕ್ಕೆ ನಡ್ಕೊಂಡೇ ಹೋಗಬಹುದು.

ಇಷ್ಟೆಲ್ಲ ಹೇಳಿದ್ಮೇಲೆ ಮೊದಲು ಯಾವುದು ಅಂತ ಕೇಳಿದ್ರೆ ನಾನು ನೇಮಕಾತಿ ಕ್ಯಾಲೆಂಡರನ್ನೇ ಹೇಳೋದು. ಕಳೆದ ವರ್ಷದ ವರ್ಕ್‌ಲೋಡ್ ನೋಡಿದ್ರೆ ಈ ವರ್ಷ ಎಷ್ಟು ಜನ ಬೇಕು ಅಂತ ಹೆಚ್ಚುಕಮ್ಮಿ ಗೊತ್ತಾಗತ್ತೆ, ಇಲಾಖೆ ಪೋರ್ಟಲಲ್ಲಿ ಎಲ್ಲಾ ದಾಖಲೆ ಇದೆ. ಅದರಲ್ಲಿ ಎಂಬತ್ತು ಪರ್ಸೆಂಟ್ ಹುದ್ದೆಗೆ ಅಡ್ಮಿಷನ್ ಮುಗಿಯೋಕೆ ಮುಂಚೆನೇ ಆರ್ಡರ್ ಕೊಟ್ಟು, ಉಳಿದಿದ್ದನ್ನ ಆಮೇಲೆ ಸರಿಹೊಂದಿಸ್ಕೊಳ್ಳಬಹುದು. ಹಾಗೆ ಆದ್ರೆ ಕ್ಲಾಸ್ ಶುರುವಾಗೋ ಮೊದಲ ಸೋಮವಾರ ಪ್ರತಿ ಪಿರಿಯಡ್‌ಗೂ ಲೆಕ್ಚರರ್ ಇರ್ತಾರೆ, ಮೂರನೇ ವಾರಕ್ಕೆ ಯಾರು ಬರ್ತಿಲ್ಲ ಅನ್ನೋ ಪಟ್ಟಿ ಅವರ ಕೈಲಿರತ್ತೆ, ಮನೆಗೆ ಒಂದು ಫೋನ್ ಮಾಡಿ ಏನಮ್ಮಾ ಮಗ ಕಾಲೇಜಿಗೆ ಬರ್ತಿಲ್ವಲ್ಲ, ಹುಷಾರಾಗಿದಾನಾ ಅಂತ ಕೇಳೋಕೆ ಒಬ್ಬರಿರ್ತಾರೆ. ಈ ಬದಲಾವಣೆಗೆ ಹೊಸ ಶಿಕ್ಷಣ ನೀತಿ ಬೇಕಿಲ್ಲ, ಇಲಾಖೆ ಒಂದು ಸುತ್ತೋಲೆಯ ದಿನಾಂಕ ಎರಡು ತಿಂಗಳು ಹಿಂದಕ್ಕೆ ತಂದ್ರೆ ಸಾಕು, ಮುಂದಿನ ಬ್ಯಾಚಿಗೇ ಮಾಡಬಹುದು.